ಕ್ರೀಡಾಂಗಣವೂ ಸ್ವಲೀನ ಬಾಲಕರೂ

ಜನರು ಕೂಡಿ ಕುಳಿತು ನೋಡುವ ಸ್ಥಾನವನ್ನು ಕಟ್ಟುವವರು ನೋಡುವವನ ಕಣ್ಣು ಕಿವಿಗಳ ಅಳತೆಯನ್ನು ಮರೆಯಬಾರದೆಂಬ ವಿಚಾರವು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ಪ್ರೇಕ್ಷಾಗೃಹದ ಲಕ್ಷಣವನ್ನು ಹೇಳುತ್ತ ೧೦೮, ೬೪, ೩೨ ಹಸ್ತಗಳ ಮೂರು ಪ್ರಮಾಣಗಳನ್ನು ಎಣಿಸಿ, ಮನುಷ್ಯರಿಗೆ ಮಧ್ಯಮ ಪ್ರಮಾಣವೇ ಯೋಗ್ಯವೆಂದು ನಿರ್ಣಯಿಸುವದು. ಮಂಟಪವು ಅತಿ ದೊಡ್ಡದಾದರೆ ಪಾತ್ರದ ಮಾತು ಸ್ಫುಟವಾಗಿ ಕೇಳದು, ಮುಖದ ಭಾವವು ಕಾಣದು ಎಂಬದೇ ಅದಕ್ಕೆ ಕೊಟ್ಟ ಕಾರಣ.

ಈ ಕಾಲದಲ್ಲಿ ಲೋಕದ ಅತ್ಯಧಿಕ ಜನರು ಕೂಡಿ ನೋಡುವ ಆಟವು ಕಾಲ್ಚೆಂಡು. ಅದರ ಪ್ರೇಕ್ಷಾಗೃಹವಾದ ಕ್ರೀಡಾಂಗಣವು ಯಾರ ಕಣ್ಣು ಕಿವಿಗಳ ಅಳತೆಗೆ ಕಟ್ಟಲ್ಪಟ್ಟಿತು, ಆ ಅಳತೆಗೆ ಹೊಂದದವರು ಯಾರು, ಅವರ ಸಲುವಾಗಿ ಅದು ಹೇಗೆ ಬದಲಾಗುತ್ತ ಬಂದಿತು ಎಂಬ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವೆನು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮಗೆ ಇದರಿಂದ ಆಗಬೇಕಾದುದೇನು ಎಂದು ಕೇಳುವವರು ಕೊನೆಯ ತನಕ ಓದಬೇಕೆಂದು ವಿನಂತಿ.

ಕಾಲ್ಚೆಂಡು ಕನ್ನಡನಾಡಿಗೆ ಪರಕೀಯವಾದ ಆಟವಾಗಿ ಉಳಿದಿಲ್ಲ. ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡವು ಗೆದ್ದು, ಆ ಗೌರವವನ್ನು ಪಡೆದ ಮೊದಲ ಭಾರತೀಯ ತಂಡವೆನಿಸಿತು. ೧೯೪೬–೪೭ರಲ್ಲಿ ಮೈಸೂರು ಸಂತೋಷ್ ಟ್ರೋಫಿಯನ್ನು ಗೆದ್ದಿತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತಕ್ಕೆ ದೊರೆತ ಏಕಮಾತ್ರ ಗೋಲನ್ನು ಹೊಡೆದವನು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ೧೯೬೮–೬೯ರ ಬಳಿಕ ಐವತ್ತನಾಲ್ಕು ವರ್ಷ ಕಾದು, ೨೦೨೩ರ ಮಾರ್ಚ್ ೪ರಂದು ರಿಯಾಧ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು ೩–೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ೨೦೧೩ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತಂಡವು ಮರುವರ್ಷ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದ ಮೇಲೆ, ಅಲ್ಲಿ ಪಡುವಣ ದಿಕ್ಕಿನ ಮೆಟ್ಟಿಲುಗಳಲ್ಲಿ ನಿಂತು ನಗಾರಿ ಬಾರಿಸುತ್ತ ಹಾಡುವ ಅಭಿಮಾನಿಗಳ ಘೋಷವು ಪಂದ್ಯದಷ್ಟೇ ಪ್ರಸಿದ್ಧವಾಯಿತು.

ಈ ಘೋಷವು ಕಾಲ್ಚೆಂಡಿನ ಜೀವವೆಂದೇ ಸರ್ವತ್ರ ಎಣಿಸಲ್ಪಟ್ಟಿದೆ. ೨೦೧೦ರ ದಕ್ಷಿಣ ಆಫ್ರಿಕದ ವಿಶ್ವಕಪ್ಪಿನಲ್ಲಿ ವುವುಝೇಲಾ ಎಂಬ ಪ್ಲಾಸ್ಟಿಕ್ ಕಹಳೆಯ ಮೊಳಗನ್ನು ದೂರದರ್ಶನದಲ್ಲಿ ಕೇಳಿದವರು ಮರೆತಿರಲಾರರು. ೨೦೧೧ರ ಮಾರ್ಚಿನಲ್ಲಿ ಇಸ್ತಾಂಬುಲಿನ ಒಂದು ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಎಬ್ಬಿಸಿದ ೧೩೧.೭೬ ಡೆಸಿಬೆಲ್ ಶಬ್ದವನ್ನು ಗಿನ್ನೆಸ್ ಸಂಸ್ಥೆಯವರು ದಾಖಲೆಯಾಗಿ ಮನ್ನಿಸಿದರು. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲಿನಲ್ಲಿ ೫೫ ಡೆಸಿಬೆಲ್ ಮಿತಿಯನ್ನು ಇಟ್ಟಿವೆ. ಪ್ರತಿ ಹತ್ತು ಡೆಸಿಬೆಲ್ಲಿಗೆ ಶಬ್ದಶಕ್ತಿಯು ಹತ್ತುಪಟ್ಟಾಗುವದರಿಂದ ಈ ಎರಡು ಸಂಖ್ಯೆಗಳ ನಡುವಿನ ಅಂತರವು ಊಹೆಗೆ ಮೀರಿದ್ದು. ಕ್ರೀಡಾಂಗಣವು ಗದ್ದಲವನ್ನು ಸಹಿಸಿ ಆನಂದಿಸಬಲ್ಲ ಕಿವಿಯ ಅಳತೆಗೆ ಕಟ್ಟಲ್ಪಟ್ಟಿತು.

ಆದರೂ ಕ್ರೀಡಾಂಗಣದ ಪದ್ಧತಿಗಳು ಶಾಶ್ವತವಾದವುಗಳಲ್ಲ. ಇಂಗ್ಲೆಂಡಿನಲ್ಲಿ ಬಹುಕಾಲ ಸಾಮಾನ್ಯ ಪ್ರೇಕ್ಷಕರು ಆಸನವಿಲ್ಲದ ಮೆಟ್ಟಿಲುಗಳ ಮೇಲೆ ಒತ್ತೊತ್ತಾಗಿ ನಿಂತು ಆಟ ನೋಡುತ್ತಿದ್ದರು. ೧೯೮೯ರ ಏಪ್ರಿಲ್ ೧೫ರಂದು ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಸಿಲುಕಿ ಒಟ್ಟು ೯೭ ಜನರು ಪ್ರಾಣ ಕಳೆದುಕೊಂಡರು. ೧೯೯೦ರ ಟೇಲರ್ ವರದಿಯ ಮೇರೆಗೆ ಉನ್ನತ ಶ್ರೇಣಿಯ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಆಸನವಿರಬೇಕೆಂಬ ನಿಯಮವು ಬಂದಿತು. ಆಟದ ಸೊಗಸೇ ಹೋಯಿತೆಂದು ಆಗ ಹಲವರು ಹಳಹಳಿಸಿದರು, ಆಟವೇನೂ ಹೋಗಲಿಲ್ಲ. ಅನಂತರ ಗಾಲಿಕುರ್ಚಿಯವರಿಗೆ ಇಳಿಜಾರು ದಾರಿಗಳಾದವು, ಅಂಧರಿಗೆ ಕಿವಿಯಲ್ಲಿ ಪಂದ್ಯದ ವರ್ಣನೆಯನ್ನು ಕೇಳಿಸುವ ಏರ್ಪಾಡಾಯಿತು. ನಮ್ಮಲ್ಲಿಯೂ ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ನೆರೆದ ಜನರ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಮಡಿದ ಮೇಲೆಯೇ ಜನಸಂದಣಿಯ ನಿಯಮಗಳ ಮಾತು ಎದ್ದಿತು. ಮರಣವಾದಲ್ಲಿ ಲೋಕವು ಎಚ್ಚರಗೊಳ್ಳುವದು. ಮನೆಯಲ್ಲಿಯೇ ಉಳಿದುಬಿಟ್ಟವರ ಸಲುವಾಗಿ ಎಚ್ಚರಗೊಳ್ಳುವದು ತಡ.

ಹೀಗೆ ಮನೆಯಲ್ಲಿ ಉಳಿದವರಲ್ಲಿ ಸ್ವಲೀನ ಬಾಲಕರೂ ಅವರ ಕುಟುಂಬದವರೂ ಮುಖ್ಯರು. ಆಟಿಸಂ ಎಂಬ ಪರಭಾಷೆಯ ಶಬ್ದವು ‘ತಾನು’ ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದುದು. ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಎಂಬ ಮನೋವೈದ್ಯನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೇರೊಂದು ರೋಗದ ಲಕ್ಷಣವನ್ನು ಹೇಳುವದಕ್ಕಾಗಿ ಅದನ್ನು ನಿರ್ಮಿಸಿದನು. ೧೯೨೫ರಲ್ಲಿ ರಷ್ಯಾದ ವೈದ್ಯೆ ಸುಖಾರೆವಾ ಆರು ಜನ ಬಾಲಕರನ್ನೂ, ೧೯೪೩ರಲ್ಲಿ ಅಮೇರಿಕೆಯ ಲಿಯೋ ಕಾನರ್ ಹನ್ನೊಂದು ಮಕ್ಕಳನ್ನೂ ಪರೀಕ್ಷಿಸಿ ಈ ಸ್ಥಿತಿಯನ್ನು ವರ್ಣಿಸಿದರು. ದೊಡ್ಡ ಸಪ್ಪಳಕ್ಕೆ ಆ ಮಕ್ಕಳು ಬೆದರುವರೆಂಬದನ್ನು ಕಾನರನು ಆಗಲೇ ಬರೆದಿಟ್ಟನು. ಆದರೆ ಶಬ್ದ, ಬೆಳಕು, ಸ್ಪರ್ಶಗಳ ವಿಷಯದಲ್ಲಿ ಇಂದ್ರಿಯಗಳು ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಸ್ಪಂದಿಸುವದು ಈ ಸ್ಥಿತಿಯ ಲಕ್ಷಣಗಳಲ್ಲೊಂದೆಂದು ಅಮೇರಿಕೆಯ ಮನೋವೈದ್ಯರ ಕೈಪಿಡಿಯಲ್ಲಿ ಸೇರಿದ್ದು ೨೦೧೩ರಲ್ಲಿ. ಅಂದರೆ ಎಪ್ಪತ್ತು ವರ್ಷಗಳ ತರುವಾಯ.

ಕನ್ನಡದಲ್ಲಿ ಬಳಕೆಗೆ ಬಂದ ‘ಸ್ವಲೀನತೆ’ ಎಂಬ ಶಬ್ದವು ವ್ಯಾಕರಣದ ದೃಷ್ಟಿಯಿಂದ ಸಾಧುವೇ. ತನ್ನಲ್ಲಿ ತಾನು ಲೀನನಾದವನು ಸ್ವಲೀನನು. ಆದರೆ ಈ ಅರ್ಥವನ್ನು ಅಕ್ಷರಶಃ ಹಿಡಿದು, ಆ ಬಾಲಕನಿಗೆ ಹೊರಗಿನ ಲೋಕವೇ ಬೇಡವೆಂದು ಭಾವಿಸಿದರೆ ಅನರ್ಥವಾಗುವದು. ಅನೇಕರ ವಿಷಯದಲ್ಲಿ ಸಂಗತಿಯು ಇದಕ್ಕೆ ವಿಪರೀತ. ನಾವು ಕೇಳಿಯೂ ಕೇಳದಂತೆ ಬಿಡುವ ನೂರು ಸಪ್ಪಳಗಳು ಅವನ ಕಿವಿಯನ್ನು ಒಟ್ಟಿಗೇ ಹೊಗುವವು. ನಾವು ಗಮನಿಸದ ದೀಪದ ಮಿಣುಕು ಅವನ ಕಣ್ಣನ್ನು ಚುಚ್ಚುವದು. ಲೋಕವು ಅವನೊಳಗೆ ಮಿತಿಮೀರಿ ನುಗ್ಗುವದರಿಂದ ಅವನು ಕಿವಿ ಮುಚ್ಚಿಕೊಳ್ಳುವನು. ಎಲ್ಲ ಸ್ವಲೀನ ಬಾಲಕರೂ ಒಂದೇ ವಿಧದವರಲ್ಲ. ಕೆಲವರು ಗದ್ದಲವನ್ನೇ ಅರಸಿ ಹೋಗುವರು, ಕೆಲವರು ಮಾತೇ ಆಡರು, ಕೆಲವರು ಆಟಗಾರರ ಹೆಸರುಗಳನ್ನೂ ಗೋಲುಗಳ ಲೆಕ್ಕವನ್ನೂ ವರ್ಷವಾರು ಒಪ್ಪಿಸುವರು. ಇಂಥವನಿಗೆ ಕಾಲ್ಚೆಂಡಿನ ಮೇಲೆ ಅಪಾರ ಪ್ರೀತಿಯಿದ್ದರೂ ಕ್ರೀಡಾಂಗಣದಲ್ಲಿ ಅರ್ಧ ಗಳಿಗೆ ನಿಲ್ಲಲು ಸಾಧ್ಯವಾಗದಿರಬಹುದು. ಗೋಲಿನ ಕ್ಷಣದ ಗರ್ಜನೆಗೆ ಅವನು ಚೀರಿದರೆ, ನೆಲಕ್ಕೆ ಬಿದ್ದರೆ, ಸುತ್ತಲಿನವರು ತಾಯಿಯ ಕಡೆಗೆ ತಿರುಗಿ ಮಗನಿಗೆ ಬುದ್ಧಿ ಕಲಿಸಿಲ್ಲವೆಂಬಂತೆ ನೋಡುವರು. ಆ ನೋಟವನ್ನು ಒಮ್ಮೆ ಉಂಡ ಪಾಲಕರು ಮರುಸಲ ಹೊರಡುವದಿಲ್ಲ. ಅವನ ಸಂಗಡ ಅಣ್ಣ ತಂಗಿಯರ ಪಾಲಿಗೂ ಆಟವು ಇಲ್ಲವಾಗುವದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ೨೦೨೧ರಲ್ಲಿ ಪ್ರತಿ ೧೨೭ ಜನರಲ್ಲಿ ಒಬ್ಬರು ಸ್ವಲೀನರು. ಈ ಲೆಕ್ಕದಿಂದ ಇಪ್ಪತ್ತೈದು ಸಾವಿರ ಜನರ ಸಭೆಯಲ್ಲಿ ಸುಮಾರು ಇನ್ನೂರು ಜನರು ಅಂಥವರಿರಬೇಕು. ಅವರು ಅಲ್ಲಿ ಕಾಣದಿದ್ದರೆ ಎಲ್ಲಿರುವರೆಂಬದನ್ನು ಯೋಚಿಸಬೇಕು.

ಈ ಪ್ರಶ್ನೆಗೆ ಉತ್ತರವು ಇಂಗ್ಲೆಂಡಿನ ಈಶಾನ್ಯ ಭಾಗದ ಸಂಡರ್ಲೆಂಡ್ ಪಟ್ಟಣದಲ್ಲಿ ಮೊಳೆಯಿತು. ಅಲ್ಲಿಯ ‘ಸ್ಟೇಡಿಯಂ ಆಫ್ ಲೈಟ್’ ಕ್ರೀಡಾಂಗಣದಲ್ಲಿ, ಒಬ್ಬ ಸ್ವಲೀನ ಬಾಲಕನ ತಾಯ್ತಂದೆಗಳ ಪ್ರಯತ್ನದ ಫಲವಾಗಿ, ೨೦೧೫ರಲ್ಲಿ ಒಂದು ಸಂವೇದನಾ ಕೊಠಡಿಯು ತೆರೆಯಲ್ಪಟ್ಟಿತು. ಶಬ್ದವನ್ನು ತಡೆಯುವ ಗಾಜಿನ ಹಿಂದೆ ಮೆದುವಾದ ಆಸನಗಳು, ಸೌಮ್ಯವಾದ ಬೆಳಕು, ಕೈಯಲ್ಲಿ ಹಿಡಿದು ಆಡುವ ವಸ್ತುಗಳು ಅಲ್ಲಿವೆ. ಮಗುವು ಮೈದಾನವನ್ನು ಕಣ್ಣಾರೆ ನೋಡಬಹುದು. ಬೇಸರವಾದರೆ ಬೆನ್ನು ತಿರುಗಿಸಿ ಸುಮ್ಮನಿರಬಹುದು. ತರುವಾಯ ಲಂಡನ್ನಿನ ಆರ್ಸೆನಲ್ ಮುಂತಾದ ಸಂಘಗಳು ಇದನ್ನು ಅನುಸರಿಸಿದವು. ೨೦೨೨ರಲ್ಲಿ ಕತಾರ್ ದೇಶದ ವಿಶ್ವಕಪ್ಪಿನ ಕಾಲಕ್ಕೆ ಮೂರು ಕ್ರೀಡಾಂಗಣಗಳಲ್ಲಿ ಇಂಥ ಕೊಠಡಿಗಳಿದ್ದವು. ಕುಟುಂಬವೊಂದರ ಕೋರಿಕೆಯು ಏಳು ವರ್ಷಗಳಲ್ಲಿ ವಿಶ್ವಕಪ್ಪಿನ ವ್ಯವಸ್ಥೆಯಲ್ಲಿ ಸ್ಥಾನ ಪಡೆದದ್ದು ಕ್ರೀಡೆಯ ಚರಿತ್ರೆಯಲ್ಲಿ ಸ್ಮರಣಾರ್ಹವಾದುದು.

ಕೊಠಡಿಯೊಂದೇ ಸಾಕೆಂದು ತಿಳಿಯಬಾರದು. ಮುಂದೇನಾಗುವದೆಂದು ಮೊದಲೇ ತಿಳಿದಿದ್ದರೆ ಸ್ವಲೀನ ಬಾಲಕನ ಭೀತಿಯು ಅರ್ಧ ಕಡಿಮೆಯಾಗುವದು. ಆದುದರಿಂದ ಬಾಗಿಲು, ತಪಾಸಣೆ, ಆಸನ, ಶೌಚಗೃಹಗಳ ಚಿತ್ರಗಳನ್ನು ಕ್ರಮವಾಗಿ ಜೋಡಿಸಿ ಪಾಲಕರಿಗೆ ಮುಂಚಿತವಾಗಿ ಕೊಡುವರು. ಪಂದ್ಯವಿಲ್ಲದ ದಿನ ಬಂದು ಸ್ಥಳವನ್ನು ನೋಡಿಹೋಗಲು ಅವಕಾಶವೀಯುವರು. ಶಬ್ದ ತಗ್ಗಿಸುವ ಹೆಡ್‌ಫೋನುಗಳನ್ನು ಎರವಲು ಕೊಡುವರು. ಸರದಿಯಲ್ಲಿ ನಿಲ್ಲಿಸದೆ ಪಕ್ಕದ ಬಾಗಿಲಿನಿಂದ ಬಿಡುವರು. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲಲ್ಲಿ ನಿಂತ ಸೇವಕನಿಗೆ ಇಂಥ ಮಗುವಿನ ಮೈ ಮುಟ್ಟಬಾರದು, ಗದರಿಸಬಾರದು, ಉತ್ತರಕ್ಕಾಗಿ ಸ್ವಲ್ಪ ಕಾಯಬೇಕು ಎಂಬ ಶಿಕ್ಷಣವನ್ನು ಕೊಡುವರು. ಪ್ರತ್ಯೇಕ ಕೊಠಡಿಯೆಂದರೆ ಮತ್ತೊಂದು ಬಗೆಯ ಬಹಿಷ್ಕಾರವಲ್ಲವೇ ಎಂಬ ಆಕ್ಷೇಪವು ವಿಚಾರಾರ್ಹವಾದುದು. ಆ ಕೊಠಡಿಯ ಬಾಗಿಲು ಎರಡೂ ಕಡೆಗೆ ತೆರೆಯಬೇಕು. ಇಂದು ಗಾಜಿನ ಹಿಂದೆ ಕುಳಿತವನು ನಾಳೆ ಹತ್ತು ನಿಮಿಷ ಹೊರಗೆ ಕುಳಿತು, ಬೇಕಾದಾಗ ಮರಳುವಂತಿರಬೇಕು. ಆಯ್ಕೆಯು ಅವನದಾಗಿದ್ದಲ್ಲಿ ಅದು ಬಹಿಷ್ಕಾರವಾಗದು.

ಭಾರತದಲ್ಲಿ ಈ ಕಾರ್ಯಕ್ಕೆ ಶಾಸನದ ಆಧಾರವಿದೆ. ೧೯೯೫ರ ಅಂಗವಿಕಲರ ಕಾಯಿದೆಯು ಏಳು ಬಗೆಯ ನ್ಯೂನತೆಗಳನ್ನು ಎಣಿಸಿತ್ತು; ಅವುಗಳಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದು ಮೊದಲು ಸೇರಿತು. ೨೦೧೬ರ ಕಾಯಿದೆಯ ಇಪ್ಪತ್ತೊಂದು ಬಗೆಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಈ ಕಾಯಿದೆಯ ೨೯ ಮತ್ತು ೩೦ನೆಯ ಕಲಮುಗಳು ಸಾಂಸ್ಕೃತಿಕ ಜೀವನ, ವಿನೋದ, ಕ್ರೀಡೆಗಳಲ್ಲಿ ಇಂಥವರು ಇತರರ ಸಮಾನವಾಗಿ ಭಾಗವಹಿಸುವಂತೆ ಮಾಡುವ ಹೊಣೆಯನ್ನು ಸರಕಾರದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿವೆ. ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣವು, ಲಂಡನ್ನಿನ ಗ್ಯಾಟ್ವಿಕ್ಕಿನಲ್ಲಿ ೨೦೧೬ರಲ್ಲಿ ಆರಂಭವಾದ ಸೂರ್ಯಕಾಂತಿ ಚಿಹ್ನೆಯ ಕೊರಳಪಟ್ಟಿಯನ್ನು ಸ್ವೀಕರಿಸಿದೆ. ಅದನ್ನು ಧರಿಸಿದವರಿಗೆ ಹೊರಗೆ ಕಾಣದ ಕಷ್ಟವಿದೆಯೆಂದು ಅಲ್ಲಿಯ ನೌಕರರು ತಿಳಿಯುವರು. ವಿಮಾನನಿಲ್ದಾಣದಲ್ಲಿ ನಡೆಯುವದು ಮೈದಾನದಲ್ಲಿ ನಡೆಯಬಾರದೇಕೆ?

ಇನ್ನು ನಮ್ಮ ಮೂರು ತಾಲೂಕುಗಳ ಮಾತು. ಶಿರಸಿಯಲ್ಲಿ ಮಾರಿಕಾಂಬಾ ಕ್ರೀಡಾಂಗಣವಿದೆ. ಸಿದ್ದಾಪುರ, ಯಲ್ಲಾಪುರಗಳಲ್ಲಿ ಶಾಲೆಗಳ ಪಂದ್ಯಗಳು ನಡೆಯುವ ಬೈಲುಗಳಿವೆ. ಆದರೆ ನಮ್ಮ ನಿಜವಾದ ಮಹಾಸಭೆಯು ಎರಡು ವರ್ಷಕ್ಕೊಮ್ಮೆ ಬಿಡಕಿ ಬೈಲಿನಲ್ಲಿ ನೆರೆಯುವ ಮಾರಿಕಾಂಬೆಯ ಜಾತ್ರೆ. ಜಾತ್ರೆಯಿಲ್ಲದ ವರ್ಷ ಹೋಳಿಯ ಹೊತ್ತಿಗೆ ತಮಟೆಯ ಬಡಿತಕ್ಕೆ ಬೀದಿಯೇ ಕುಣಿಯುವ ಬೇಡರ ವೇಷ. ಚಂಡೆಯ ಸದ್ದಿನ ಯಕ್ಷಗಾನ. ಇಲ್ಲಿಯೂ ಬಾರದೆ ಉಳಿದ ಮನೆಗಳಿವೆ.

ಹಳೆಯ ಪದ್ಧತಿಯನ್ನು ಮುಟ್ಟಬಾರದೆನ್ನುವವರು ನಮ್ಮೂರಿನ ಚರಿತ್ರೆಯನ್ನೇ ನೋಡಲಿ. ೧೯೩೪ರಲ್ಲಿ ಶಿರಸಿಗೆ ಬಂದ ಗಾಂಧೀಜಿಯವರು ಕೋಣನ ಬಲಿ ನಡೆಯುವ ಗುಡಿಯನ್ನು ತಾವು ಪ್ರವೇಶಿಸೆವೆಂದರು. ಊರಿನ ಹಿರಿಯರು ಮುಂದಾಗಿ ಆ ಬಲಿಯನ್ನು ನಿಲ್ಲಿಸಿದರು. ದೇವಿಯ ಮಹಿಮೆಯಾಗಲಿ ಜಾತ್ರೆಯ ವೈಭವವಾಗಲಿ ಅದರಿಂದ ಕುಂದಲಿಲ್ಲ. ಇಡೀ ರಾತ್ರಿಯ ಯಕ್ಷಗಾನದ ಪಕ್ಕದಲ್ಲಿ ಕಾಲಮಿತಿಯ ಪ್ರಯೋಗಗಳು ಹುಟ್ಟಿದವು; ಕಲೆಯು ಅಳಿಯಲಿಲ್ಲ. ಅಂಥ ದೊಡ್ಡ ಬದಲಾವಣೆಗಳನ್ನು ಮಾಡಿದವರಿಗೆ ಈ ಚಿಕ್ಕದು ಭಾರವಾಗಲಾರದು.

ಮಾಡಬೇಕಾದುದು ಇಷ್ಟೇ. ಜಾತ್ರೆಯ ಒಂದು ದಿನ ಬೆಳಗಿನ ಒಂದೆರಡು ತಾಸು ತೊಟ್ಟಿಲು ಚಕ್ರಗಳ ಮತ್ತು ಅಂಗಡಿಗಳ ಧ್ವನಿವರ್ಧಕಗಳನ್ನು ನಿಲ್ಲಿಸಿ, ಆ ಹೊತ್ತನ್ನು ಈ ಕುಟುಂಬಗಳಿಗಾಗಿ ಸಾರಬಹುದು. ಆಟದ ಬೈಲಿನಲ್ಲಿಯೂ ಜಾತ್ರೆಯಲ್ಲಿಯೂ ಧ್ವನಿವರ್ಧಕಗಳಿಂದ ದೂರವಾದ ಒಂದು ಶಾಲಾಕೋಣೆಗೆ ಚಾಪೆ ಹಾಸಿ, ಕುಡಿಯುವ ನೀರಿಟ್ಟು, ‘ಇದು ವಿಶ್ರಾಂತಿಯ ಸ್ಥಳ’ ಎಂದು ಬರೆದು ಒಬ್ಬ ಸ್ವಯಂಸೇವಕನನ್ನು ಕೂಡಿಸಬಹುದು. ಮತ್ತೊಂದು ಸಂಗತಿಯು ಪ್ರಾಣಕ್ಕೆ ಸಂಬಂಧಿಸಿದ್ದು. ಜನಸಂದಣಿಯಲ್ಲಿ ತಪ್ಪಿಹೋದ ಮಗುವಿನ ಹೆಸರನ್ನು ಕೇಳಿ ಧ್ವನಿವರ್ಧಕದಲ್ಲಿ ಕೂಗುವದು ನಮ್ಮ ರೂಢಿ. ಮಾತು ಬಾರದ ಮಗುವು ಹೆಸರು ಹೇಳುವದೆಂತು? ಹೆದರಿ ಗದ್ದಲದಿಂದ ಓಡುವ ಮಗುವು ಗದ್ದಲದ ಕಡೆಗೆ ಬರುವದೆಂತು? ಪಾಲಕರ ದೂರವಾಣಿ ಸಂಖ್ಯೆಯುಳ್ಳ ಒಂದು ಪಟ್ಟಿಯನ್ನು ಪೊಲೀಸ್ ಸಹಾಯಕೇಂದ್ರದಲ್ಲಿಯೇ ಮಗುವಿನ ಮುಂಗೈಗೆ ಕಟ್ಟುವ ವ್ಯವಸ್ಥೆಯಾದರೆ ತಾಯಿಯೊಬ್ಬಳ ಎದೆಯ ಭಾರವು ಇಳಿಯುವದು.

ಇದಕ್ಕೆ ತಗಲುವ ವೆಚ್ಚವು ಒಂದು ಮಂಟಪದ ಶೃಂಗಾರದಷ್ಟೂ ಅಲ್ಲ. ದೇವಸ್ಥಾನದ ಧರ್ಮದರ್ಶಿಗಳೂ ಪಂಚಾಯತಿ, ನಗರಸಭೆಗಳವರೂ ಕ್ರೀಡಾಸಂಘಗಳವರೂ ಯಕ್ಷಗಾನದ ಮೇಳಗಳ ಯಜಮಾನರೂ ಕೂಡಿ ವಿಚಾರಿಸುವದಾದರೆ, ಮುಂದಿನ ಜಾತ್ರೆಗೆ ಮೊದಲೇ ಈ ಏರ್ಪಾಡು ಆಗಬಹುದು. ಹಾಗಾದಂದು, ಇದುವರೆಗೆ ಬಾಗಿಲಿಗೆ ಅಗಳಿ ಹಾಕಿ ತಮಟೆಯ ಸದ್ದು ದೂರವಾಗಲೆಂದು ಕಾಯುತ್ತಿದ್ದ ಕೆಲವು ಮನೆಗಳವರಾದರೂ ಮಕ್ಕಳ ಕೈಹಿಡಿದು ಬೈಲಿಗೆ ಬಂದಾರೆಂದು ನಾನು ನಂಬಿರುವೆನು.