ಇರುಳ ಕಡಲಿನ ಕೆಂಪು, ಹಸಿರು

ಥೇಮ್ಸ್ ನದಿಯೆಂದೊಡನೆ ಲಂಡನ್ ಮಹಾನಗರ ಕಣ್ಮುಂದೆ ನಿಲ್ಲುವುದು ಸಹಜ. ಆದರೆ ನಾನು ನೆಲೆಸಿರುವ ಕನೆಕ್ಟಿಕಟ್ ರಾಜ್ಯದಲ್ಲಿಯೂ ಅದೇ ಹೆಸರಿನ ನದಿಯೊಂದಿದೆ. ಅದರ ಒಂದು ದಡದಲ್ಲಿ ನ್ಯೂ ಲಂಡನ್, ಇನ್ನೊಂದು ದಡದಲ್ಲಿ ಗ್ರಾಟನ್. ಜಗತ್ತಿನ ಮೊದಲ ಪರಮಾಣುಚಾಲಿತ ಜಲಾಂತರ್ಗಾಮಿ 'ನಾಟಿಲಸ್' 1954ರಲ್ಲಿ ನೀರಿಗಿಳಿದದ್ದು ಈ ಗ್ರಾಟನ್ನಿನಲ್ಲಿ. ಅಲ್ಲಿನ ನೌಕಾನೆಲೆಯ ವೈದ್ಯಕೀಯ ಸಂಶೋಧನಾಲಯದಲ್ಲಿ ಮನುಷ್ಯನ ಕಣ್ಣನ್ನು ಕುರಿತು ದಶಕಗಳ ಕಾಲ ನಡೆದ ಕಾರ್ಯ ನಾಟಿಲಸ್‌ನಷ್ಟು ಪ್ರಸಿದ್ಧವಲ್ಲ. ಅದನ್ನು ಸಮ್ಮೇಳನಕ್ಕೆ ಬಂದಿರುವ ಕನ್ನಡ ಬಂಧುಗಳ ಮುಂದಿಡಬೇಕೆಂಬುದು ನನ್ನ ಬಹುದಿನದ ಆಸೆ.

ಇರುಳಿನಲ್ಲಿ ಪ್ರತಿ ಹಡಗೂ ತನ್ನ ಎಡಪಕ್ಕದಲ್ಲಿ ಕೆಂಪು ದೀಪವನ್ನೂ ಬಲಪಕ್ಕದಲ್ಲಿ ಹಸಿರು ದೀಪವನ್ನೂ ಹೊತ್ತು ಸಾಗುತ್ತದೆ. ಕಾಣುವ ಬಣ್ಣದಿಂದಲೇ ಎದುರಿನ ಹಡಗು ಎತ್ತ ಮುಖಮಾಡಿದೆಯೆಂದು ನಾವಿಕನು ತಿಳಿಯಬೇಕು. ಕೆಂಪು ಹಸಿರುಗಳ ಭೇದ ತಿಳಿಯದವನ ಕೈಯಲ್ಲಿ ಚುಕ್ಕಾಣಿಯಿದ್ದರೆ ಗತಿಯೇನು? ಈ ಭಯ ಮೊದಲು ಹುಟ್ಟಿದ್ದು ಕಡಲಿನಲ್ಲಲ್ಲ, ರೈಲುಹಾದಿಯಲ್ಲಿ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದು ಒಂಬತ್ತು ಮಂದಿ ಸತ್ತರು. ವರ್ಣಾಂಧತೆಯೇ ಕಾರಣವೆಂದು ಹೋಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞರು ವಾದಿಸಿ, ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ಹೊಂದಿಸುವ ಪರೀಕ್ಷೆಯನ್ನು ಬಳಕೆಗೆ ತಂದರು. ಆ ವಾದಕ್ಕೆ ಸಾಕ್ಷ್ಯ ಬಲವಾಗಿರಲಿಲ್ಲವೆಂದು 2012ರಲ್ಲಿ ಇಬ್ಬರು ವಿದ್ವಾಂಸರು ತೋರಿಸಿದ್ದಾರೆ. ಅಷ್ಟರಲ್ಲಿ ಪರೀಕ್ಷೆಗಳು ಜಗತ್ತನ್ನೆಲ್ಲ ಹಬ್ಬಿ ಶತಮಾನವೇ ಕಳೆದಿತ್ತು.

ನನಗೆ ಇದು ಕೇವಲ ಪುಸ್ತಕದ ವಿಷಯವಲ್ಲ. ತಾರುಣ್ಯದಲ್ಲಿ ಊರಿನಲ್ಲಿ ನೌಕರಿಯೊಂದಕ್ಕೆ ಆಯ್ಕೆಯಾಗಿ ವೈದ್ಯಕೀಯ ತಪಾಸಣೆಗೆ ಹೋದಾಗ, ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಷಿಹಾರಾ ಪುಸ್ತಕವನ್ನು ನನ್ನ ಮುಂದೆ ತೆರೆದರು. ಹಲವು ಪುಟಗಳಲ್ಲಿ ನನಗೆ ಅಂಕಿಯೇ ಕಾಣಲಿಲ್ಲ. 'ಅನರ್ಹ' ಎಂದು ಬರೆದು ಕಳುಹಿಸಿದರು. ದೀಪದ ಕೆಂಪು ಹಸಿರುಗಳನ್ನು ಗುರುತಿಸಬಲ್ಲೆಯಾ ಎಂದು ಯಾರೂ ಕೇಳಲಿಲ್ಲ. ನಮ್ಮ ತಾಯಿಯ ತಂದೆಗೂ ಈ ದೋಷವಿತ್ತಂತೆ. ಇದು ತಾಯಿಯ ಮೂಲಕ ಇಳಿದುಬರುವ ಬಳುವಳಿ. ತಾಯಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಮಗನಿಗೆ ಬರಬಹುದು. ಯುರೋಪು ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿದೆ.

ಯಾರೂ ಕೇಳದ ಆ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೇಳಿದವರು ಡೀನ್ ಫಾರ್ನ್ಸ್‌ವರ್ತ್. ಬಣ್ಣದ ಬಿಲ್ಲೆಗಳನ್ನು ಛಾಯೆಯ ಕ್ರಮದಲ್ಲಿ ಜೋಡಿಸುವ ಅವರ ಪರೀಕ್ಷೆ 1943ರಲ್ಲಿ ಪ್ರಕಟವಾಯಿತು. ಅದಕ್ಕೆ 'ನೂರು ಛಾಯೆ' ಎಂದು ಹೆಸರು, ಬಿಲ್ಲೆಗಳಿರುವುದು ಮಾತ್ರ 85! ನ್ಯೂ ಲಂಡನ್ ನೌಕಾನೆಲೆಯಲ್ಲಿ ಅವರು ಸಿದ್ಧಪಡಿಸಿದ ಲಾಂದ್ರ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಾಧನೆ. ಅದು ಕೆಂಪು, ಹಸಿರು, ಬಿಳಿ ದೀಪಗಳನ್ನು ಎರಡೆರಡಾಗಿ ತೋರಿಸುತ್ತದೆ. ನಾವಿಕನು ಹೆಸರು ಹೇಳಿದರೆ ಸಾಕು. ಹಡಗಿನ ಕೆಲಸಕ್ಕೆ ಬೇಕಾದದ್ದು ಅಷ್ಟೇ. ಇಷಿಹಾರಾ ಪುಸ್ತಕದಲ್ಲಿ ಸೋತವರಲ್ಲಿ ದೋಷ ಅಲ್ಪವಾಗಿದ್ದ ಅನೇಕರು ಈ ಲಾಂದ್ರದ ಮುಂದೆ ಗೆದ್ದರು. ಇದು ದಾಕ್ಷಿಣ್ಯವಲ್ಲ, ಕೆಲಸವನ್ನೇ ಅಳತೆಗೋಲಾಗಿ ಮಾಡಿಕೊಂಡದ್ದು.

ದೀಪದ ವಿಷಯದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಮಂದ ಬೆಳಕಿನಲ್ಲಿ ನೋಡುವ ಅಕ್ಷಿಪಟಲದ ದಂಡಕೋಶಗಳು ಕೆಂಪಿಗೆ ಬಹಳ ಕಡಿಮೆ ಸ್ಪಂದಿಸುತ್ತವೆ. ಕಣ್ಣು ಕತ್ತಲೆಗೆ ಪೂರ್ಣವಾಗಿ ಒಗ್ಗಲು ಸುಮಾರು ಅರ್ಧ ಗಂಟೆ ಬೇಕು. ರಾತ್ರಿ ಪೆರಿಸ್ಕೋಪಿಗೆ ಕಣ್ಣಿಡುವವನಿಗೆ ಅಷ್ಟು ಸಮಯವೆಲ್ಲಿ? ಅದಕ್ಕಾಗಿಯೇ ಜಲಾಂತರ್ಗಾಮಿಯೊಳಗೆ ರಾತ್ರಿ ಕೆಂಪು ದೀಪ ಉರಿಯುತ್ತಿತ್ತು. ಆದರೆ ಕೆಂಪು ಬೆಳಕಿನಲ್ಲಿ ನಕ್ಷೆಯ ಕೆಂಪು ಗೆರೆಗಳು ಮಾಯವಾಗುತ್ತಿದ್ದವು, ನಡುವಯಸ್ಸು ದಾಟಿದವರಿಗೆ ಹತ್ತಿರದ ಅಕ್ಷರ ಓದುವುದು ಕಷ್ಟವಾಗುತ್ತಿತ್ತು. ಸಾಕಷ್ಟು ಮಂದವಾಗಿಸಿದ ಬಿಳಿ ಬೆಳಕೂ ಈ ಕೆಲಸಕ್ಕೆ ಸಾಲುತ್ತದೆಂದು 1980ರ ದಶಕದಲ್ಲಿ ಲೂರಿಯಾ ಮತ್ತು ಸಂಗಡಿಗರು ಪ್ರಯೋಗಗಳಿಂದ ತೋರಿಸಿದರು.

ಮುಳುಗುಗಾರರ ಸಮಸ್ಯೆ ಬೇರೆ. ನೀರಿನ ಆಳದಲ್ಲಿ ಎಲ್ಲರೂ ವರ್ಣಾಂಧರೇ. ನೀರು ಮೊದಲು ಕೆಂಪನ್ನು ಹೀರುತ್ತದೆ; ಕೆಲವು ಮೀಟರ್ ಇಳಿದರೆ ಕೆಂಪು ವಸ್ತು ಕಪ್ಪಾಗಿ ಕಾಣುತ್ತದೆ. (1921ರ ಹಡಗುಯಾನದಲ್ಲಿ ಮೆಡಿಟರೇನಿಯನ್ನಿನ ನೀಲಿಯನ್ನು ಕಂಡು ಅದಕ್ಕೆ ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಕಾರಣವೆಂದು ಅರಿತ ಸಿ. ವಿ. ರಾಮನ್ ಅವರು, ತಮ್ಮ ಇಳಿವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಕುಳಿತು ವರ್ಣದೃಷ್ಟಿಯನ್ನೇ ಅಧ್ಯಯನ ಮಾಡಿದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.) ಹಾಗಾದರೆ ಮುಳುಗುಗಾರನ ಉಡುಪಿಗೆ, ಸಲಕರಣೆಗಳಿಗೆ ಯಾವ ಬಣ್ಣ ಬಳಿಯಬೇಕು? ಜೋ ಆನ್ ಕಿನ್ನಿ, ಲೂರಿಯಾ ಮತ್ತು ವೈಟ್ಜ್‌ಮನ್ ಬಗೆಬಗೆಯ ನೀರಿನಲ್ಲಿ ಮುಳುಗುಗಾರರನ್ನು ಇಳಿಸಿ ಪರೀಕ್ಷಿಸಿ, 1967ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀಲಿ ಹಸಿರು ಬೆಳಕನ್ನು ಹೀರಿ ಬೇರೆ ಬಣ್ಣವಾಗಿ ಮರಳಿಸುವ ಪ್ರತಿದೀಪ್ತ ಬಣ್ಣಗಳು ಎಲ್ಲೆಡೆಯೂ ಮಿಗಿಲಾಗಿ ಕಂಡವು. ಆದರೆ ಎಲ್ಲ ನೀರಿಗೂ ಒಂದೇ ಬಣ್ಣ ಒಪ್ಪಲಿಲ್ಲ. ತಿಳಿನೀರಿನಲ್ಲಿ ಪ್ರತಿದೀಪ್ತ ಹಸಿರು ಗೆದ್ದಿತು. ಸಂಶೋಧನಾಲಯದ ಪಕ್ಕದಲ್ಲೇ ಹರಿಯುವ ಥೇಮ್ಸ್‌ನ ಕದಡಿದ ನೀರಿನಲ್ಲಿ ಕಿತ್ತಳೆ.