ಥರ್ಮಲ್ ಪೇಸ್ಟ್ (ಲ್ಯಾಪ್‌ಟಾಪ್)

ಪ್ರೊಸೆಸರ್ ಚಿಪ್‌ಗೂ ಅದರ ಮೇಲೆ ಕೂರುವ ತಾಮ್ರದ ತಟ್ಟೆಗೂ ನಡುವೆ ಹಚ್ಚುವ, ಶಾಖವನ್ನು ದಾಟಿಸುವ ಲೇಪ. ಸಾಮಾನ್ಯವಾಗಿ ಬಿಳಿ ಇಲ್ಲವೆ ಬೂದು ಬಣ್ಣ. ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್, ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಬೆಳ್ಳಿಯ ನುಣ್ಣನೆಯ ಪುಡಿಯನ್ನು ಕಲಸಿ ಇದನ್ನು ತಯಾರಿಸುತ್ತಾರೆ.

ಚಿಪ್ ಮತ್ತು ತಟ್ಟೆ ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಅವುಗಳ ಮೈಮೇಲೆ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಒಂದರ ಮೇಲೊಂದನ್ನು ಬಿಗಿದಾಗ ಅಲ್ಲಲ್ಲಿ ಮಾತ್ರ ತಾಗುತ್ತವೆ, ಉಳಿದ ಕಡೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ ತಾಮ್ರದ ಉಷ್ಣವಾಹಕತೆ ಸುಮಾರು 400, ಗಾಳಿಯದು 0.026. ಪೇಸ್ಟಿನದು ಬಹುಮಟ್ಟಿಗೆ 1ರಿಂದ 12ರ ಒಳಗೆ. ಗಾಳಿಗಿಂತ ಎಷ್ಟೋ ಪಾಲು ಮೇಲು, ತಾಮ್ರದ ಮುಂದೆ ಏನೇನೂ ಅಲ್ಲ. ಆದ್ದರಿಂದ ಪೇಸ್ಟ್ ಗಾಳಿಯ ಜಾಗವನ್ನು ತುಂಬಿದರೆ ಸಾಕು. ಅದಕ್ಕಿಂತ ದಪ್ಪವಾದರೆ ತಾನೇ ಅಡ್ಡಿಯಾಗುತ್ತದೆ. ಡಬ್ಬದ ಮೇಲೆ ಅಚ್ಚಾದ ಅಂಕಿಗಿಂತ ಪದರ ಎಷ್ಟು ತೆಳುವಾಗಿದೆ, ತಟ್ಟೆ ಎಷ್ಟು ಸಮನಾಗಿ ಬಿಗಿದಿದೆ ಎಂಬುದೇ ಮುಖ್ಯ.

ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಲೋಹದ ಮುಚ್ಚಳವಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಅದಿಲ್ಲ; ಗಾಜಿನಂತೆ ಹೊಳೆಯುವ ಸಿಲಿಕಾನ್ ತುಣುಕಿನ ಮೇಲೆಯೇ ತಟ್ಟೆ ಕೂರುತ್ತದೆ. ಆ ಪುಟ್ಟ ಜಾಗದಲ್ಲಿ ಹುಟ್ಟಿದ ಶಾಖ ತಟ್ಟೆಗೆ ಹತ್ತಿ, ಒಳಗೆ ತುಸು ದ್ರವವಿರುವ ತಾಮ್ರದ ಕೊಳವೆಗಳ ಮೂಲಕ ಸಾಗಿ, ಫ್ಯಾನಿನ ಪಕ್ಕದ ಲೋಹದ ಎಲೆಗಳಿಂದ ಹೊರಬೀಳುತ್ತದೆ. ಯಂತ್ರ ಬಿಸಿಯಾದಾಗ ಚಿಪ್ಪೂ ತಟ್ಟೆಯೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ದಿನದಿನದ ಈ ಒತ್ತಾಟದಲ್ಲಿ ಪೇಸ್ಟ್ ನಿಧಾನಕ್ಕೆ ಅಂಚಿನತ್ತ ಜರುಗಿ ನಡುವೆ ಬರಿದಾಗುತ್ತದೆ. ಜೊತೆಗೆ ಎಣ್ಣೆ ಬಿಟ್ಟುಕೊಂಡು ಉಳಿದದ್ದು ಗಟ್ಟಿಯಾಗುತ್ತದೆ. ಕೆಲವು ವರ್ಷ ದುಡಿದ ಯಂತ್ರವನ್ನು ಬಿಚ್ಚಿದರೆ ಚಿಪ್ಪಿನ ಸುತ್ತ ಒಣಗಿದ ಗಟ್ಟಿ ಅಂಚು, ನಡುವೆ ಚಿಪ್ಪಿನ ಮೈ ಇಣುಕುವಷ್ಟು ತೆಳುವಾದ ಲೇಪ ಕಾಣುವುದು ಸಾಮಾನ್ಯ.

ಬಿಸಿ ಮಿತಿ ಮುಟ್ಟಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇಂಟೆಲ್‌ನ ಅನೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಸಿಯಸ್. ಬಳಸುವವರು ಇದನ್ನು "ಸ್ಲೋ ಆಯ್ತು" ಎನ್ನುತ್ತಾರೆ, ಎಷ್ಟೋ ಸಲ ವಿಂಡೋಸನ್ನೇ ಮತ್ತೆ ಹಾಕಿಸುತ್ತಾರೆ. ಕೆಲಸ ಕೊಟ್ಟ ಕ್ಷಣದಲ್ಲೇ ತಾಪ ಮಿತಿಗೆ ಜಿಗಿದು, ಕೆಲಸ ನಿಂತೊಡನೆ ಇಳಿದರೆ ಪೇಸ್ಟಿನ ಮೇಲೆ ಅನುಮಾನ ಪಡಬಹುದು. ನಿಧಾನಕ್ಕೆ ಏರಿ, ಇಳಿಯಲೊಲ್ಲದೆ ಕೂತರೆ ಗಾಳಿಯ ದಾರಿ ಕಟ್ಟಿದೆ ಎಂದರ್ಥ. ಫ್ಯಾನಿಗೂ ಲೋಹದ ಎಲೆಗಳಿಗೂ ನಡುವೆ ದೂಳು ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಅದನ್ನು ತೆಗೆಯದೆ ಹೊಸ ಪೇಸ್ಟ್ ಹಚ್ಚಿದರೆ ದುಡ್ಡು ದಂಡ.

ಬದಲಿಸುವಾಗ ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ಹಿಂಬದಿ ಬಿಚ್ಚಿದ ಮೇಲೆ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಬೇಕು. ತಟ್ಟೆಯ ಸ್ಕ್ರೂಗಳ ಪಕ್ಕ 1, 2, 3 ಎಂಬ ಅಂಕಿಗಳಿದ್ದರೆ ಬಿಚ್ಚುವಾಗ ಕೊನೆಯಿಂದ ಮೊದಲಿಗೆ, ಬಿಗಿಯುವಾಗ ಮೊದಲಿನಿಂದ ಕೊನೆಗೆ, ಒಂದೊಂದನ್ನೂ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಅಂಟಿಕೊಂಡ ತಟ್ಟೆಯನ್ನು ಮೀಟಿ ಎಬ್ಬಿಸಬಾರದು; ಮೆಲ್ಲಗೆ ಅತ್ತಿತ್ತ ಹೊರಳಿಸಿದರೆ ಬಿಡುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ಜುಂಗು ಬಿಡದ ಬಟ್ಟೆಯಿಂದ ಒರೆಸಬೇಕು. ಚಾಕುವಿನಿಂದ ಕೆರೆದರೆ ಚಿಪ್ಪಿನ ಮೂಲೆ ಒಡೆಯಬಹುದು, ಸುತ್ತಲಿನ ಪುಟ್ಟ ಕೆಪಾಸಿಟರುಗಳು ಕಿತ್ತು ಬರಬಹುದು. ಬರಿ ಚಿಪ್ಪಾದ್ದರಿಂದ ಹೊಸ ಪೇಸ್ಟನ್ನು ನಾಲ್ಕೂ ಮೂಲೆ ಮುಚ್ಚುವಂತೆ ತೆಳುವಾಗಿ ಸವರುವುದೇ ಒಳ್ಳೆಯದು.

ಗ್ರಾಫಿಕ್ಸ್ ಮೆಮೊರಿಯ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡುಗಳ ವಿಷಯ ಬೇರೆ. ಅಲ್ಲಿನ ಸಂದು ದೊಡ್ಡದು, ಪೇಸ್ಟ್ ಅದನ್ನು ತುಂಬಲಾರದು. ಹರಿದ ಪ್ಯಾಡನ್ನು ಅದೇ ದಪ್ಪದ್ದರಿಂದ ಬದಲಿಸಬೇಕು. ಅರ್ಧ ಮಿಲಿಮೀಟರಿನ ಕಡೆ ಒಂದು ಮಿಲಿಮೀಟರಿನದು ಕೂತರೆ ತಟ್ಟೆ ಎತ್ತಿಕೊಂಡು ಪ್ರೊಸೆಸರಿಗೆ ಸರಿಯಾಗಿ ತಾಗದೆ, ರಿಪೇರಿಗೆ ಮುಂಚಿಗಿಂತ ಹೆಚ್ಚು ಕಾಯುತ್ತದೆ.

ಪೇಸ್ಟಿಗೆ ಬದಲಾಗಿ ಗ್ಯಾಲಿಯಂ ಮಿಶ್ರಲೋಹದ 'ಲಿಕ್ವಿಡ್ ಮೆಟಲ್' ಕೂಡ ಬಳಕೆಯಲ್ಲಿದೆ. 2020ರಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 5ರಲ್ಲಿ ಕಾರ್ಖಾನೆಯಲ್ಲೇ ಇದನ್ನು ಹಚ್ಚಿದ್ದಾರೆ. ಶಾಖ ಚೆನ್ನಾಗಿ ದಾಟುತ್ತದೆ ನಿಜ, ಆದರೆ ವಿದ್ಯುತ್ತೂ ಹರಿಯುತ್ತದೆ. ತೊಟ್ಟು ಆಚೆ ಹರಿದರೆ ಬೋರ್ಡ್ ಶಾರ್ಟ್ ಆಗುತ್ತದೆ. ಅಲ್ಯೂಮಿನಿಯಂ ತಾಗಿದರೆ ಗ್ಯಾಲಿಯಂ ಅದನ್ನು ತಿಂದುಹಾಕುತ್ತದೆ. ಮನೆಯಲ್ಲಿ ಕೈಹಾಕುವವರಿಗೆ ಇದು ಬೇಡ. ಹನಿವೆಲ್‌ನ ಪಿಟಿಎಂ 7950ರಂಥ ಹಾಳೆಗಳು ಲ್ಯಾಪ್‌ಟಾಪಿಗೆ ಹೆಚ್ಚು ಒಗ್ಗುತ್ತವೆ. ತಣ್ಣಗಿರುವಾಗ ಗಟ್ಟಿಯಾಗಿದ್ದು ಸುಮಾರು 45 ಡಿಗ್ರಿಯಲ್ಲಿ ಮೆದುವಾಗಿ ಹರಡುವುದರಿಂದ ಅಂಚಿಗೆ ಜರುಗುವ ಕಾಟ ಕಡಿಮೆ.

ಪೇಸ್ಟ್ ಎಷ್ಟೇ ಒಳ್ಳೆಯದಿದ್ದರೂ ಕೋಣೆಯ ಗಾಳಿಗಿಂತ ತಂಪಾಗಿ ಚಿಪ್ಪನ್ನು ಇಡಲಾರದು. ಕಲಬುರಗಿ, ರಾಯಚೂರುಗಳ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಇದು ನೆನಪಿರಬೇಕು. ಹೊಸ ಯಂತ್ರದಲ್ಲಿ ಬದಲಾವಣೆಯಿಂದ ಸಿಗುವ ಲಾಭ ಸಾಮಾನ್ಯವಾಗಿ ಅತ್ಯಲ್ಪ. ವಾರಂಟಿ ಇನ್ನೂ ಉಳಿದಿದ್ದರೆ ಮುಚ್ಚಳ ಬಿಚ್ಚುವ ಮೊದಲು ಅದರ ಷರತ್ತುಗಳನ್ನು ಓದಿಕೊಳ್ಳಬೇಕು.