ಕೆಟ್ಟ ಫೋಟೊಗಳಲ್ಲಿ ಉಳಿದ ಡಿಸ್ನಿಲ್ಯಾಂಡ್

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಕಿತ್ತಳೆ ತೋಟಗಳಿದ್ದ ಜಾಗದಲ್ಲಿ ಕಟ್ಟಿದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಬಾಗಿಲು ತೆರೆಯಿತು. ಸಂಸ್ಥೆ ತೆಗೆಸಿದ ಪ್ರಚಾರ ಚಿತ್ರಗಳಲ್ಲಿ ಬೀದಿಗಳು ಆಗಷ್ಟೇ ಗುಡಿಸಿಟ್ಟಂತಿವೆ, ಕೋಟೆಯ ಮೇಲೆ ಬಿಸಿಲು ಹದವಾಗಿ ಬಿದ್ದಿದೆ. ಅದೇ ಬೀದಿಗಳಲ್ಲಿ ಪ್ರವಾಸಿ ಕುಟುಂಬಗಳು ಕ್ಲಿಕ್ಕಿಸಿದ ಫೋಟೊಗಳ ಬಗೆಯೇ ಬೇರೆ. ಕಟ್ಟಡ ಓರೆಯಾಗಿದೆ, ಯಾರದೋ ತಲೆ ಕತ್ತರಿಸಿಹೋಗಿದೆ, ಮೂಲೆಯಲ್ಲಿ ಬೆರಳು ಬಂದಿದೆ. ಪಾರ್ಕಿನ ಮೊದಲ ದಶಕವನ್ನು ಅರಿಯಲು ಈ ಕೆಟ್ಟ ಫೋಟೊಗಳೇ ಹೆಚ್ಚು ನೆಚ್ಚಬಹುದಾದ ಆಕರವೆಂದೂ ಅವುಗಳ ದೋಷವೂ ಸಾಕ್ಷ್ಯವೇ ಎಂದೂ ನನ್ನ ವಾದ.

ದೋಷಗಳಲ್ಲಿ ಹಲವು ಫಿಲ್ಮಿನವು. ಅಂದು ಬಣ್ಣದ ಸ್ಲೈಡಿಗೆ ಜನಪ್ರಿಯವಾಗಿದ್ದ ಕೊಡಾಕ್ರೋಮ್ ಫಿಲ್ಮಿನ ವೇಗ, ಎಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಕೇವಲ 10 ಎಎಸ್‌ಎ. ಸುಡುಬಿಸಿಲಿನಲ್ಲೂ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಷಟರ್ ತೆರೆದಿಡುವುದು ಸಾಮಾನ್ಯವಾಗಿತ್ತು. ಮ್ಯಾಡ್ ಟೀ ಪಾರ್ಟಿ ಎಂಬ ಸವಾರಿಯ ಗಿರಗಿರನೆ ತಿರುಗುವ ಬಟ್ಟಲುಗಳು ಹಾಗಾಗಿಯೇ ಬಣ್ಣದ ಗೆರೆಗಳಾಗಿ ಮೂಡಿವೆ. 1961ರಲ್ಲಿ 25 ಎಎಸ್‌ಎ ವೇಗದ ಕೊಡಾಕ್ರೋಮ್ 2 ಬಂದ ಮೇಲೆ ಈ ತೊಡಕು ಒಂದಿಷ್ಟು ತಗ್ಗಿತು. ಬ್ರೌನಿಯಂಥ ಅಗ್ಗದ ಕ್ಯಾಮೆರಾಗಳದ್ದು ಇನ್ನೊಂದು ಕಥೆ: ಫಿಲ್ಮ್ ಸುತ್ತಲು ಮರೆತರೆ ಒಂದರ ಮೇಲೊಂದು ಎರಡು ಚಿತ್ರ ಬೀಳುತ್ತಿದ್ದವು. ಎಕ್ಟಾಕ್ರೋಮ್ ಎಂಬ ಇನ್ನೊಂದು ಫಿಲ್ಮಿನ ಅಂದಿನ ಸ್ಲೈಡುಗಳು ವರ್ಷಗಳುರುಳಿದಂತೆ ಕೆಂಪಡರಿವೆ. ಕತ್ತಲಲ್ಲಿ ಜೋಪಾನವಾಗಿದ್ದ ಕೊಡಾಕ್ರೋಮ್ ಮಾತ್ರ ಇಂದಿಗೂ ಬಣ್ಣ ಬಿಟ್ಟಿಲ್ಲ.

ಈ ಫೋಟೊಗಳ ನಿಜವಾದ ಬೆಲೆ ಇರುವುದು ತೆಗೆದವರು ಗಮನಿಸದೇ ಹೋದ ಹಿನ್ನೆಲೆಯಲ್ಲಿ. ಮ್ಯಾಟರ್‌ಹಾರ್ನ್ ಎಂಬ 147 ಅಡಿಯ ಕೃತಕ ಶಿಖರ 1959ರ ಜೂನ್‌ನಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ ಅಲ್ಲೊಂದು ಮಣ್ಣಿನ ದಿಬ್ಬವಿತ್ತು. ಕೋಟೆಯ ಕಂದಕ ತೋಡುವಾಗ ಬಂದ ಮಣ್ಣನ್ನು ಅಲ್ಲಿ ಗುಡ್ಡೆ ಹಾಕಲಾಗಿತ್ತು. 1956ರಲ್ಲಿ ಸ್ಕೈವೇ ತೊಟ್ಟಿಲುಗಳು ಓಡತೊಡಗಿದಾಗ ಅದರ ಮೇಲೆಯೇ ತಂತಿಯ ಗೋಪುರ ನಿಂತಿತ್ತು. ಪ್ರಚಾರ ಚಿತ್ರಕಾರನಿಗೆ ಈ ದಿಬ್ಬದಿಂದ ಆಗಬೇಕಾದ್ದೇನೂ ಇರಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕ್ಲಿಕ್ಕಿಸಿದ ಅಪ್ಪನ ಫೋಟೊದಲ್ಲಾದರೋ ಅದು ಅವರ ಬೆನ್ನ ಹಿಂದೆ ತಾನಾಗಿಯೇ ಬಂದು ಕೂತಿದೆ.

ದಿನಾಂಕವಿಲ್ಲದ ಫೋಟೊದ ಕಾಲ ನಿರ್ಣಯಕ್ಕೂ ಹಿನ್ನೆಲೆಯೇ ದಾರಿ. ಪಾರ್ಕಿನ ಟುಮಾರೋಲ್ಯಾಂಡ್ ವಿಭಾಗದ ಮೂನ್‌ಲೈನರ್ ರಾಕೆಟ್ಟಿನ ಮೇಲೆ ಮೊದಲು ಟಿಡಬ್ಲ್ಯುಎ ವಿಮಾನ ಕಂಪನಿಯ ಹೆಸರಿತ್ತು. 1962ರಲ್ಲಿ ಡಗ್ಲಸ್ ಕಂಪನಿಯ ಹೆಸರು ಬಂತು. ಮಸುಕಾದ ರಾಕೆಟ್ಟಿನ ಮೇಲೆ ಅರ್ಧ ಅಕ್ಷರ ಕಂಡರೂ ಸಾಕು, ಫೋಟೊ ಯಾವ ಅವಧಿಯದೆಂದು ಹೇಳಬಹುದು. ಅನೇಕ ಸ್ಲೈಡುಗಳ ರಟ್ಟಿನ ಚೌಕಟ್ಟಿನ ಮೇಲೆ ತಿಂಗಳು, ವರ್ಷ ಒತ್ತಿರುವುದೂ ಉಂಟು. ಆದರೆ ಅದು ಫಿಲ್ಮ್ ತೊಳೆದ ತಿಂಗಳೇ ಹೊರತು ಫೋಟೊ ತೆಗೆದದ್ದಲ್ಲ; ಬೇಸಿಗೆಯ ಪ್ರವಾಸದ ರೋಲು ಕ್ರಿಸ್‌ಮಸ್‌ವರೆಗೂ ಕ್ಯಾಮೆರಾದಲ್ಲೇ ಉಳಿದಿರಬಹುದು.

ಇಂಥ ಹವ್ಯಾಸಿ ದಾಖಲೆಗೆ ಅಧಿಕೃತ ಮನ್ನಣೆ ಸಿಕ್ಕ ನಿದರ್ಶನ ರಾಬಿನ್ಸ್ ಬಾರ್‌ಸ್ಟೋ ಅವರ ‘ಡಿಸ್ನಿಲ್ಯಾಂಡ್ ಡ್ರೀಮ್’. ಸ್ಕಾಚ್ ಟೇಪ್ ಸ್ಪರ್ಧೆಯಲ್ಲಿ ಗೆದ್ದು 1956ರಲ್ಲಿ ಕನೆಕ್ಟಿಕಟ್‌ನಿಂದ ಡಿಸ್ನಿಲ್ಯಾಂಡಿಗೆ ಹೋದ ಅವರ ಕುಟುಂಬದ ಮನೆ ಸಿನಿಮಾ ಇದು. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿತು. ಬಾಲ್ಯದಲ್ಲಿ ಪಾರ್ಕಿನಲ್ಲಿ ಗೈಡ್‌ಬುಕ್ ಮಾರುತ್ತಿದ್ದ ನಟ ಸ್ಟೀವ್ ಮಾರ್ಟಿನ್, ಆ ಚಿತ್ರದಲ್ಲಿ ಕ್ಷಣಕಾಲ ಕಾಣುವ ಹುಡುಗ ತಾನೇ ಎಂದು ಗುರುತಿಸಿದರು. ಬಾರ್‌ಸ್ಟೋ ಅವರು ಸೆರೆಹಿಡಿಯಲು ಹೊರಟದ್ದು ಆ ಹುಡುಗನನ್ನಲ್ಲ ಎಂಬುದೇ ಇಲ್ಲಿ ಮುಖ್ಯ.

ಈ ಆಕರಕ್ಕೆ ಮಿತಿಯೂ ಇದೆ. ಪೀಟರ್ ಪ್ಯಾನ್‌ನಂಥ ಒಳಾಂಗಣದ ಕತ್ತಲ ಸವಾರಿಗಳು ಅಂದಿನ ಫಿಲ್ಮಿಗೆ ದಕ್ಕುವಂಥವಲ್ಲ. ಕಾರಿನಲ್ಲಿ ಪ್ರವಾಸ ಹೋಗಿ, ಬಣ್ಣದ ಫಿಲ್ಮಿಗೂ ದುಡ್ಡು ಹಾಕಬಲ್ಲ ಕುಟುಂಬಗಳ ಕಣ್ಣೇ ಇಲ್ಲಿ ಹೆಚ್ಚು. ಇನ್ನೂ ಕಳವಳದ ಸಂಗತಿಯೆಂದರೆ, ಸ್ಲೈಡುಗಳನ್ನು ಡಿಜಿಟಲ್ ಮಾಡುವವರು ಓರೆಯನ್ನು ನೇರ ಮಾಡಿ, ಬೆರಳಿರುವ ಅಂಚನ್ನು ಕತ್ತರಿಸಿ, ಕೆಂಪನ್ನು ತೊಳೆದು, ಚೌಕಟ್ಟನ್ನು ಎಸೆದುಬಿಡುತ್ತಾರೆ. ಅಂಚಿನ ಜೊತೆಗೆ ಅರ್ಧ ಕಾಣುತ್ತಿದ್ದ ಬೋರ್ಡು ಹೋಗುತ್ತದೆ, ಚೌಕಟ್ಟಿನ ಜೊತೆಗೆ ತಿಂಗಳು ಹೋಗುತ್ತದೆ. ಚೌಕಟ್ಟಿನ ಎರಡೂ ಬದಿಗಳನ್ನು, ಪೆಟ್ಟಿಗೆಯಲ್ಲಿದ್ದ ಕ್ರಮವನ್ನು, ತಿದ್ದದ ಒಂದು ಪ್ರತಿಯನ್ನು ಮೊದಲು ದಾಖಲಿಸಿಟ್ಟು, ಆಮೇಲೆ ಬೇಕಾದರೆ ಬಣ್ಣಕ್ಕೆ ಕೈ ಹಚ್ಚಬೇಕು.